ಗೋಲಿ ಮಿಷನ್ ಎತ್ತಿದ ಅಮಾವಾಸ್ಯೆಗಳು

ಭಾರದ ಸಾಮಾನು ಎತ್ತುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ‘ಅಂಕಲ್, ಒಬ್ಬರೇ ಎಷ್ಟು ಕೆಜಿ ಎತ್ತಿದ್ದೀರಾ?’ ನಾನು ಏನೋ ಒಂದು ಲೆಕ್ಕ ಹೇಳಿ ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ ಎತ್ತಿದ ಕೆಜಿ ಯಾರಿಗೂ ನೆನಪಿರುವುದಿಲ್ಲ. ನೆನಪಿರುವುದು ಗೀಚಿಹೋದ ನೆಲ.

ನಾನು ಮುನಿರಾಜು, ಜರಗನಹಳ್ಳಿಯವನು. ನಮ್ಮ ಅಣ್ಣತಮ್ಮಂದಿರು ರಾಗಿ ಹೊಲ ಇದ್ದ ಜಾಗದಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ನನಗೆ ಕೂತು ತಿನ್ನುವ ಅದೃಷ್ಟವೂ ಇರಲಿಲ್ಲ, ಕೂರುವ ಬುದ್ಧಿಯೂ ಇರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಸುತ್ತಮುತ್ತ ಜನರ ಬೀರು, ತಿಜೋರಿ, ರುಬ್ಬೋ ಕಲ್ಲು ಎತ್ತಿದೆ. ಯಾವಾಗ ಕೂಲಿಯಿಂದ ಮೇಸ್ತ್ರಿಯಾದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರ ಸೊಂಟಕ್ಕೂ ಉಪಯೋಗವಿಲ್ಲ. ಉಪಯೋಗ ಇರುವುದು ನಾನು ಮಾಡಿದ ತಪ್ಪುಗಳಿಂದ. ಅವು ಧಾರಾಳವಾಗಿವೆ.

ನನಗೆ ಕೆಲಸ ಕಲಿಸಿದವರು ಸೆಲ್ವಣ್ಣ. ಕೃಷ್ಣಗಿರಿ ಕಡೆಯವರು, ಸಣ್ಣ ಆಳು, ತೂಕ ನನ್ನ ಅರ್ಧ. ಮೊದಲನೇ ದಿನ ಬನಶಂಕರಿಯ ಒಂದು ಮನೆಗೆ ಬೀರು ಸಾಗಿಸಬೇಕಿತ್ತು. ನಾನು ತೋಳು ಮಡಚಿ ತಯಾರಾಗಿ ನಿಂತರೆ, ಅವರು ಚಪ್ಪಲಿ ಬಿಡಿಸಿ, ಬರಿಗೈಲಿ ಬಾಗಿಲಿಂದ ರೂಮಿನವರೆಗೆ ಮೂರು ಸಲ ನಡೆಸಿದರು. ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ, ಇನ್ನೊಂದು ಸಲ ಹಿಮ್ಮಡಿ ಕುಟ್ಟಿಕೊಂಡು. ಆ ಮನೆಯವರು ಹರಕೆಯೇನೋ ಅಂದುಕೊಂಡಿರಬೇಕು. ನನಗೆ ಅವಮಾನವಾಗಿ ಮುಖ ಊದಿಸಿಕೊಂಡೆ.

“ಡೇ ಮುನಿ, ಕಣ್ಣು ಸುಳ್ಳು ಹೇಳ್ತದೆ. ಹಿಮ್ಮಡಿ ಹೇಳಲ್ಲ” ಅಂದರು ಸೆಲ್ವಣ್ಣ.

ಆಮೇಲೆ ಗೊತ್ತಾಯಿತು. ಕಲ್ಲು, ಟೈಲ್ಸ್ ಹಾಕುವಾಗ ಕೆಳಗೆ ಗಾರೆ ಸರಿಯಾಗಿ ತುಂಬದಿದ್ದರೆ ಆ ಜಾಗ ಪೊಳ್ಳಾಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹಿಮ್ಮಡಿ ಕುಟ್ಟಿದರೆ ‘ಟೊಕ್’ ಅನ್ನುತ್ತದೆ. ಅದರ ಮೇಲೆ ಭಾರ ಹೋದರೆ ಬಿರುಕು ಖಂಡಿತ. ಆ ದಿನದಿಂದ ಇವತ್ತಿನವರೆಗೆ ಯಾರ ಮನೆಗೆ ಹೋದರೂ ನಾನು ಹಿಮ್ಮಡಿ ಕುಟ್ಟಿಯೇ ಒಳಗೆ ಹೋಗುವುದು. ಬೀಗರ ಮನೆಯಲ್ಲೂ ಹಾಗೆ ಮಾಡಿ ನನ್ನ ಹೆಂಡತಿ ಗೌರಮ್ಮನಿಂದ ಬೈಸಿಕೊಂಡಿದ್ದೇನೆ.

ಆಗ ನಮ್ಮ ಹತ್ತಿರ ಇದ್ದದ್ದು ಒಂದು ಗಡಾರಿ, ನಾಲ್ಕು ತುಂಡು ನೀರಿನ ಪೈಪು, ಹಗ್ಗ, ಒಂದಷ್ಟು ಗೋಣಿಚೀಲ. ಗಡಾರಿಯಿಂದ ಮೀಟಿ, ಪೈಪು ಉರುಳಿಸಿ, ಒಳಗೆ ಹೋದ ಮೇಲೆ ಕಾಲಿನ ಕೆಳಗೆ ಗೋಣಿ ಮಡಚಿಟ್ಟು ಎಳೆಯುತ್ತಿದ್ದೆವು. ಗೋಣಿಯನ್ನು ಹೀನಾಯ ಮಾಡಬೇಡಿ. ಆದರೆ ಪ್ರತಿ ಸಲವೂ ಅದನ್ನು ಒದರಿ, ತಿರುವಿ, ಮತ್ತೆ ಒದರಿ. ಯಾಕೆಂದು ಮುಂದೆ ಹೇಳುತ್ತೇನೆ.

ಜಯನಗರದಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಮುಚ್ಚಿದಾಗ ನಮಗೆ ಕರೆ ಬಂತು. ಅಲ್ಲಿದ್ದ ಒಂದು ಮಿಷನ್ನನ್ನು ಶ್ರೀಧರ್ ಅನ್ನುವವರು ಕೊಂಡಿದ್ದರು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರು. ಅವರ ಮನೆ ಅಲ್ಲೇ ನಾಲ್ಕು ಕ್ರಾಸ್ ಆಚೆ. ಮಿಷನ್ನಿನ ಹೆಸರು ಪಿನ್‌ಬಾಲ್. ನೋಡದವರಿಗೆ ಹೇಳುವುದಾದರೆ, ಸೊಂಟದೆತ್ತರದ ನಾಲ್ಕು ಕಾಲಿನ ಉದ್ದನೆಯ ಪೆಟ್ಟಿಗೆ, ಮೇಲೆ ಗಾಜು, ಹಿಂಬದಿಯಲ್ಲಿ ದೀಪ ಹತ್ತುವ ಒಂದು ತಲೆ. ಒಳಗೆ ಸ್ಟೀಲ್ ಗೋಲಿ ಓಡಾಡುತ್ತದೆ. ಅದು ಕೆಳಗೆ ಬಿದ್ದುಹೋಗದ ಹಾಗೆ ಎರಡು ಪಕ್ಕದ ಗುಂಡಿ ಒತ್ತಿ ಹೊಡೆಯುತ್ತಿರಬೇಕು. ನಾವು ಅದಕ್ಕೆ ಗೋಲಿ ಮಿಷನ್ ಎಂದು ಹೆಸರಿಟ್ಟೆವು. ತೂಕ ಒಂದು ಕ್ವಿಂಟಾಲಿಗಿಂತ ಜಾಸ್ತಿ. ಅಕ್ಕಿ ಮೂಟೆಯೂ ಅಷ್ಟೇ ತೂಗುತ್ತದಲ್ಲ ಅನ್ನಬಹುದು. ಅಕ್ಕಿ ಮೂಟೆಗೆ ಗಾಜಿರುವುದಿಲ್ಲ, ತಲೆಯೂ ಇರುವುದಿಲ್ಲ.

ಅವತ್ತೇ ನಮ್ಮ ಬುದ್ಧಿವಂತಿಕೆ ಬಯಲಾಯಿತು. ಕಾಲು ಬಿಚ್ಚಿ, ತಲೆ ಮಡಚಿ ಕಟ್ಟಿ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದೆವು. ಒಳಗಿನಿಂದ ಗಡಗಡ ಸದ್ದು, ಆಮೇಲೆ ಗಾಜು ಪುಡಿಯಾದ ಸದ್ದು. ಗೋಲಿಗಳನ್ನು ತೆಗೆಯದೆ ಎತ್ತಿದ್ದೆವು. ಅವು ಉರುಳಿಕೊಂಡು ಹೋಗಿ ಒಳಗಿನ ಮೂರು ಬಲ್ಬು ಒಡೆದಿದ್ದವು. ಶ್ರೀಧರ್ ಸಾರ್ ಬೈಯಲಿಲ್ಲ. ಮುಂದಿನ ಬಾಗಿಲು ತೆಗೆದು, ಗೋಲಿ ಎಲ್ಲಿ ಕೂತಿರುತ್ತವೆ, ಹೇಗೆ ತೆಗೆಯಬೇಕು ಎಂದು ಹುಡುಗರಿಗೆ ಲ್ಯಾಬಿನಲ್ಲಿ ಹೇಳುವ ಹಾಗೆ ಹೇಳಿಕೊಟ್ಟರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಮನೆಗೆ ತಂದು ಹಾಲಿನಲ್ಲಿ ನಿಲ್ಲಿಸಿದ ಮೇಲೆ ಇನ್ನೊಂದು ಪ್ರತಾಪ. ಬೀರು ಆಗಲಿ, ರುಬ್ಬೋ ಕಲ್ಲಾಗಲಿ, ಇಟ್ಟ ಮೇಲೆ ಮಟ್ಟ ನೋಡಿ ಕೂರಿಸುವುದು ನಮ್ಮ ಗುಂಪಿನ ಹೆಮ್ಮೆ. ಸೆಲ್ವಣ್ಣ ಗಾರೆಯವರ ರಸಮಟ್ಟವನ್ನು ಸದಾ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದರು. ಈ ಮಿಷನ್ನಿನ ಹಿಂದಿನ ಕಾಲು ಮುಂದಿನದಕ್ಕಿಂತ ಎತ್ತರ ಇದ್ದದ್ದು ನೋಡಿ, ಪಾಪ, ಅಂಗಡಿಯವನಿಗೆ ಗೊತ್ತಾಗಿಲ್ಲ ಅಂದುಕೊಂಡು ಮುಂದಿನ ಕಾಲಿಗೆ ಹಲಗೆ ಚೂರು ಕೊಟ್ಟು, ರಸಮಟ್ಟದ ಗುಳ್ಳೆ ನಟ್ಟನಡುವೆ ನಿಲ್ಲುವ ಹಾಗೆ ಅಚ್ಚುಕಟ್ಟಾಗಿ ಮಾಡಿದೆವು. ಸಾರ್ ಸ್ವಿಚ್ ಹಾಕಿ ಗೋಲಿ ಹೊಡೆದರು. ಅದು ಮೇಲೆ ಹೋಗಿ, ಒಂದು ಕಡೆ ನಿಂತುಬಿಟ್ಟಿತು. ಕೆಳಗೆ ಬರಲೇ ಇಲ್ಲ. ಅವರು ನಮ್ಮನ್ನೂ ಹಲಗೆ ಚೂರನ್ನೂ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಳಿಜಾರಿಲ್ಲದಿದ್ದರೆ ಆ ಮಿಷನ್ನಿಗೆ ಆಟವೇ ಇಲ್ಲವಂತೆ.

ಆ ನಗುವಿಗೆ ಒಳಗಿನಿಂದ ಅವರ ಮನೆಯವರು ಬಂದರು. ಸರೋಜಮ್ಮ. ಅವರು ನಗಲಿಲ್ಲ. ಮಿಷನ್ನನ್ನು ಒಂದು ಸುತ್ತು ಹಾಕಿ, ಗೋಡೆಯನ್ನು ನೋಡಿ, ಗಂಡನನ್ನು ಕೇಳಿದರು: “ಇದು ಇಲ್ಲಿ ನಿಂತ್ರೆ ನವರಾತ್ರೀಲಿ ನನ್ನ ಗೊಂಬೆ ಎಲ್ಲಿ ಕೂರ್ಬೇಕು?”

ಆ ಮನೆಯಲ್ಲಿ ಗೊಂಬೆ ಕೂರಿಸುವುದು ಸರೋಜಮ್ಮನ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ಒಂಬತ್ತು ಮೆಟ್ಟಿಲು, ಹಾಲಿನ ಆ ಗೋಡೆಗೇ. ಬೇರೆ ಜಾಗವಿಲ್ಲ. ಮಿಷನ್ನಿಗೂ ಬೇರೆ ಜಾಗವಿಲ್ಲ, ಪಕ್ಕದ ರೂಮಿನಲ್ಲಿ ಇಟ್ಟರೆ ಮಂಚಕ್ಕೂ ಅದಕ್ಕೂ ನಡುವೆ ಅಡ್ಡಡ್ಡ ನಡೆಯಬೇಕು. ಕೊನೆಗೆ ಸೆಲ್ವಣ್ಣನೇ ತೀರ್ಮಾನ ಹೇಳಿದರು. ವರ್ಷಕ್ಕೊಂದು ಸಲ, ಗೊಂಬೆ ಬರುವ ಮೊದಲು ನಾವು ಬಂದು ಮಿಷನ್ನನ್ನು ರೂಮಿಗೆ ಹಾಕುವುದು; ವಿಜಯದಶಮಿ ಕಳೆದು ಗೊಂಬೆ ಪೆಟ್ಟಿಗೆ ಸೇರಿದ ಮೇಲೆ ಮತ್ತೆ ಹಾಲಿಗೆ ತರುವುದು. ಗಂಡ ಹೆಂಡತಿ ಇಬ್ಬರೂ ಒಪ್ಪಿದರು.

ನಮಗೂ ಅದು ಸರಿಹೋಗುತ್ತಿತ್ತು. ಪಿತೃಪಕ್ಷದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಆ ಹದಿನೈದು ದಿನ ನಮ್ಮ ಕಸುಬಿನವರಿಗೆ ನೊಣ ಹೊಡೆಯುವ ಕೆಲಸ. ಹಾಗಾಗಿ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನವೇ ಅವರ ಮನೆ ಕೆಲಸಕ್ಕೆ ನಿಗದಿಯಾಯಿತು. ಬೆಳಿಗ್ಗೆ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು, ಊಟ ಮಾಡಿ, ಇನ್ನೊಂದು ಸಲ ಸ್ನಾನ ಮಾಡಿ ಹೋಗುತ್ತಿದ್ದೆ. ಎಡೆಗೆ ಮಟನ್ ಮಾಡಿರುತ್ತಿದ್ದೆವು, ಅವರು ತರ್ಪಣ ಕೊಟ್ಟು ಮಡಿಯಲ್ಲಿರುವ ಮನೆಯವರು. ಸರೋಜಮ್ಮ ಸ್ನಾನ ಮಾಡಿ ಬನ್ನಿ ಎಂದು ಯಾವತ್ತೂ ಹೇಳಲಿಲ್ಲ. ನಾನೇ ಮಾಡುತ್ತಿದ್ದೆ.

ಮೊದಲನೇ ವರ್ಷವೇ ನಾನು ಆ ಮನೆಗೆ ಒಂದು ಗುರುತು ಕೊಟ್ಟೆ. ಅವರದ್ದು ಹಳೆಯ ಕೆಂಪು ಗಾರೆ ನೆಲ, ರೆಡ್ ಆಕ್ಸೈಡ್ ಅನ್ನುತ್ತಾರಲ್ಲ, ಅದು. ದಶಕಗಟ್ಟಲೆ ಒರೆಸಿ ಒರೆಸಿ ಮುಖ ಕಾಣುವ ಹಾಗಿತ್ತು. ಆ ನೆಲಕ್ಕೆ ಒಂದು ಗೀರು ಬಿದ್ದರೆ ಮುಗಿಯಿತು. ಎಷ್ಟೇ ಒಳ್ಳೆ ಮೇಸ್ತ್ರಿ ಬಂದು ತೇಪೆ ಹಾಕಿದರೂ ಆ ಬಣ್ಣ ಮತ್ತೆ ಬರುವುದಿಲ್ಲ. ಮಿಷನ್ನಿನ ನನ್ನ ಕಡೆಯ ಕಾಲಿನ ಗೋಣಿಯನ್ನು ನಾನು ಒಂದೇ ಸಲ ಒದರಿದ್ದೆ. ಅದರ ಮಡಿಕೆಯಲ್ಲಿ ಒಂದು ಮರಳಿನ ಕಾಳು ಉಳಿದಿತ್ತು. ಎಳೆದಾಗ ಮೊಳದುದ್ದ ಬಿಳಿ ಗೆರೆ ಬಿತ್ತು. ಸೆಲ್ವಣ್ಣ ನನ್ನನ್ನು ನೋಡಿದ ನೋಟ ಇವತ್ತೂ ಕಣ್ಣ ಮುಂದಿದೆ. ಸರೋಜಮ್ಮ ಬಗ್ಗಿ ಬೆರಳಿನಿಂದ ಆ ಗೆರೆ ಮುಟ್ಟಿ ನೋಡಿದರು. ಒಂದು ಚಾಪೆ ತಂದು ಅದರ ಮೇಲೆ ಹಾಸಿದರು. ಆಮೇಲೆ ಪ್ರತಿ ವರ್ಷ ಹೋದಾಗಲೂ ಆ ಚಾಪೆ ಅಲ್ಲೇ ಇರುತ್ತಿತ್ತು, ನಾನು ಅದರ ಕಡೆ ನೋಡದೆ ಕೆಲಸ ಮಾಡುತ್ತಿದ್ದೆ.

ಇನ್ನೊಂದು ಕಷ್ಟ ಹೊಸ್ತಿಲಿನದು. ಆ ಕಾಲದ ಮನೆಯಾದ್ದರಿಂದ ಒಳಗಿನ ರೂಮಿಗೂ ಮರದ ಹೊಸ್ತಿಲು. ವಾರವಾರ ಅರಿಸಿನ ಕುಂಕುಮ ಬೀಳುವ ಹೊಸ್ತಿಲು. ಅದರ ಮೇಲೆ ಭಾರ ಊರಬಾರದು ಎಂದು ಸರೋಜಮ್ಮ ಮೊದಲೇ ಹೇಳಿದ್ದರು. ನಾಲ್ಕು ಜನ ಇದ್ದಾಗ ಎತ್ತಿ ದಾಟಿಸುತ್ತಿದ್ದೆವು. ಜನ ಕಡಿಮೆಯಾದ ಮೇಲೆ ನಾನು ಒಂದು ಉಪಾಯ ಮಾಡಿದೆ: ಎರಡು ಕಡೆ ಇಳಿಜಾರು ಇರುವ ಹಲಗೆಯ ಸೇತುವೆ. ಹೊಸ್ತಿಲಿನ ಆಚೆ ಈಚೆ ನೆಲದ ಮೇಲೆ ಅದರ ಕಾಲು, ಹೊಸ್ತಿಲಿಗೂ ಹಲಗೆಗೂ ನಡುವೆ ಒಂದು ಬೆರಳು ಜಾಗ. ಸರೋಜಮ್ಮ ಆ ಸಂದಿಯಲ್ಲಿ ಒಂದು ಕಾಗದ ತೂರಿಸಿ ಆ ಕಡೆಯಿಂದ ಎಳೆದುಕೊಂಡರು. ಪಾಸಾದೆ. ನನ್ನ ಜೀವನದಲ್ಲಿ ಪಾಸಾದ ಪರೀಕ್ಷೆಗಳು ಕಡಿಮೆ, ಅದಕ್ಕೆ ಬರೆದೆ.

ಸೆಲ್ವಣ್ಣ ವಯಸ್ಸಾಗಿ ಊರಿಗೆ ಹೋದ ಮೇಲೆ ಕೆಲವು ವರ್ಷ ಒಂದು ಪ್ಯಾಕರ್ಸ್ ಕಂಪನಿಯಲ್ಲಿದ್ದೆ. ಅಲ್ಲಿನ ಸೂಪರ್‌ವೈಸರ್ ಒಳ್ಳೆ ಮನುಷ್ಯ, ಆದರೆ ಅವನು ಕೆಲಸ ಕಲಿತದ್ದು ಫೋನಿನಲ್ಲಿ. ಎಲ್ಲರೂ ಸೇಫ್ಟಿ ಶೂ ಹಾಕಿಕೊಂಡೇ ಒಳಗೆ ಹೋಗಬೇಕು, ಮೇಲೆ ಪ್ಲಾಸ್ಟಿಕ್ ಕವರ್, ಫೋಟೋ ತೆಗೆದು ಕಳಿಸಬೇಕು. ಕಾಲಿಗೆ ಶೂ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಆ ಶೂ ಒಳಗಿಂದ ಹಿಮ್ಮಡಿಗೆ ಏನೂ ಕೇಳಿಸುವುದಿಲ್ಲ. ಬಿಟಿಎಂನ ಒಂದು ಫ್ಲ್ಯಾಟಿನಲ್ಲಿ ತಿಜೋರಿಯನ್ನು ಟ್ರಾಲಿ ಮೇಲೆ ತಳ್ಳಿಕೊಂಡು ಹೋಗುತ್ತಿದ್ದಾಗ ಹೊಳೆಯುವ ದೊಡ್ಡ ಟೈಲ್ಸ್ ಒಂದಾದ ಮೇಲೊಂದು ಪಟಪಟ ಎಂದು ಬಿರುಕು ಬಿಟ್ಟವು. ಭಾರವೆಲ್ಲ ಎರಡು ಸಣ್ಣ ಚಕ್ರದ ಮೇಲೆ ಕೂತಿತ್ತು, ಕೆಳಗೆ ಪೂರ್ತಿ ಪೊಳ್ಳು. ಹೊಸ ಸಲಕರಣೆ ಬಂದಾಗ ಹಳೆಯ ಎಚ್ಚರಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಡಿ. ಅಲ್ಲಿಂದ ಮುಂದೆ ನಾನು ಬಾಗಿಲಲ್ಲಿ ಶೂ ಬಿಚ್ಚಿ ಮೊದಲು ನಡೆದು ಬಂದು, ಆಮೇಲೆ ಶೂ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದೆ. ಟ್ರಾಲಿಯ ದಾರಿಗೆ ಉದ್ದಕ್ಕೂ ಪ್ಲೈವುಡ್ ಹಾಸಿದೆವು. ಸೂಪರ್‌ವೈಸರ್ ಆ ಪ್ಲೈವುಡ್ಡಿನ ಫೋಟೋವನ್ನು ತನ್ನದೇ ಉಪಾಯ ಎಂದು ಮೇಲಿನವರಿಗೆ ಕಳಿಸಿ ಹೊಗಳಿಸಿಕೊಂಡ. ನನಗೆ ಬೇಜಾರಾಗಲಿಲ್ಲ. ಟೈಲ್ಸ್ ಉಳಿದವಲ್ಲ.

ಕಂಪನಿ ಬಿಟ್ಟ ಮೇಲೆ ಬಸವರಾಜ ಮತ್ತು ನಾನು ಇಬ್ಬರೇ ಕೆಲಸ ಹಿಡಿದೆವು. ಅವನು ಗದಗ ಕಡೆಯವನು, ಬಿಟಿಎಂನಲ್ಲಿ ಹೆಂಡತಿ ಮಕ್ಕಳೊಂದಿಗೆ ಬಾಡಿಗೆಗಿದ್ದ. ಎತ್ತಿನಂಥ ಶಕ್ತಿ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಶ್ರೀಧರ್ ಸಾರ್ ಮನೆಯ ಅಮಾವಾಸ್ಯೆ ಕೆಲಸಕ್ಕೂ ಅವನೇ ಜೊತೆ. ಅಷ್ಟು ಹೊತ್ತಿಗೆ ಗೋಣಿ ಹೋಗಿ ದಪ್ಪ ಕಂಬಳಿ ತುಂಡು ಬಂದಿತ್ತು, ಹಗ್ಗ ಹೋಗಿ ಹೆಗಲಿಗೆ ಹಾಕುವ ಬೆಲ್ಟ್ ಬಂದಿತ್ತು. ಗೋಲಿ ತೆಗೆಯುವುದು, ಕಾಲಿನ ಕೆಳಗೆ ಕಂಬಳಿ, ಸೇತುವೆ, ರೂಮು. ಕೆಲಸ ಅರ್ಧ ಗಂಟೆಯದ್ದು, ಆಮೇಲೆ ಸರೋಜಮ್ಮನ ಕಾಫಿ, ಕೋಡುಬಳೆ. ಸಾರ್ ರೂಮಿನಲ್ಲೇ ಮಿಷನ್ ಹಚ್ಚಿ ನನ್ನನ್ನು ಒಂದು ಆಟ ಆಡಿಸುತ್ತಿದ್ದರು. ಅಷ್ಟು ವರ್ಷ ಆಡಿದರೂ ನನ್ನ ಗೋಲಿ ನೆಟ್ಟಗೆ ಬಂದು ನಡುವಿನ ಸಂದಿಗೇ ಬೀಳುತ್ತಿತ್ತು. ವರ್ಷದಲ್ಲಿ ನಾನು ಕಾಯುತ್ತಿದ್ದ ಕೆಲಸ ಯಾವುದಾದರೂ ಇದ್ದರೆ ಅದೊಂದೇ. ಈ ಕಸುಬಿನಲ್ಲಿ ಜನ ನಮ್ಮನ್ನು ಒಂದು ಸಲ ಕರೆಯುತ್ತಾರೆ, ಸಾಮಾನು ಸೇರಿದ ಮೇಲೆ ಮುಖ ಮರೆಯುತ್ತಾರೆ. ಆ ಮನೆಯವರು ಪ್ರತಿ ವರ್ಷ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಸಾಹೇಬರಿದ್ದಾರೆ. ಇನ್ನೂ ಚಿಕ್ಕ ವಯಸ್ಸು, ಗೋಲಿ ಮಿಷನ್ನಿನ ಹುಚ್ಚು. ಒಂದು ರೂಮಿನ ತುಂಬ ಏಳು ಮಿಷನ್. ಲಾರಿಯಿಂದ ಇಳಿಸಿ ಲಿಫ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ ಮೇಲೆ ತರುವುದಕ್ಕೆ ಮಾತ್ರ ನಮ್ಮನ್ನು ಕರೆಯುತ್ತಿದ್ದರು. ಮೇಲೆ ಬಂದ ಮೇಲೆ ನಾವು ಸುಮ್ಮನೆ ನಿಲ್ಲಬೇಕು. ಅವರು ಒಂದು ಗಿಡ್ಡ ಗಾಡಿಯನ್ನು ಮಿಷನ್ನಿನ ಹೊಟ್ಟೆಯ ಕೆಳಗೆ ತೂರಿಸಿ, ಕಾಲಿನಿಂದ ಒಂದು ಪೆಡಲ್ ಒತ್ತುತ್ತಿದ್ದರು. ಒತ್ತಿದ ಹಾಗೆ ಗಾಡಿಯ ಮೇಲಿನ ಹಲಗೆ ಏಳುತ್ತದೆ, ಮಿಷನ್ನಿನ ನಾಲ್ಕೂ ಕಾಲು ನೆಲ ಬಿಡುತ್ತವೆ. ಆಮೇಲೆ ಒಂದು ಕೈಲಿ ತಳ್ಳಿಕೊಂಡು ಹೋಗಿ ಬೇಕಾದಲ್ಲಿ ನಿಲ್ಲಿಸಿ, ಇನ್ನೊಂದು ಪೆಡಲ್ ಒತ್ತಿದರೆ ಮೆಲ್ಲಗೆ ಇಳಿಯುತ್ತದೆ. ಅವರು ಅವತ್ತು ಫೋನಿನಲ್ಲಿ ಯಾರ ಹತ್ತಿರವೋ ಮಾತಾಡಿಕೊಂಡೇ ಇದನ್ನೆಲ್ಲ ಮಾಡಿದರು.

ಬಾಯಿ ಬಿಟ್ಟುಕೊಂಡು ನೋಡಿದೆವು. ಕೆಳಗೆ ಬಂದ ಮೇಲೆ ನಾನು, ಇಂಥದ್ದೊಂದು ಶ್ರೀಧರ್ ಸಾರ್ ಮನೇಲಿದ್ರೆ ಎಷ್ಟು ಚೆನ್ನಾಗಿತ್ತು ಅಂದೆ. ಬಸವರಾಜ ನನ್ನ ಮುಖ ನೋಡಿದ.

“ಅಣ್ಣಾರ, ಆ ಗಾಡಿ ಬಂತಂದ್ರ ಅಮಾಸಿಗೆ ನಮ್ಮನ್ನ ಯಾರ ಕರೀತಾರ್ರಿ?”

ಅವನು ತಮಾಷೆಗೆ ಅಂದದ್ದು. ನನ್ನ ಮನಸ್ಸಿನಲ್ಲಿ ಅದು ಕೂತುಬಿಟ್ಟಿತು. ಆ ವರ್ಷ ಅಮಾವಾಸ್ಯೆಗೆ ಹೋದೆ, ಗಾಡಿಯ ವಿಷಯ ಹೇಳಲಿಲ್ಲ. ಮರೆತೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುವರ್ಷವೂ ಹೇಳಲಿಲ್ಲ. ಅಷ್ಟರಲ್ಲಿ ಸಾರ್ ನಿವೃತ್ತರಾಗಿದ್ದರು, ಮಂಡಿ ನೋವು ಎನ್ನುತ್ತಿದ್ದರು. ಅಷ್ಟಾದರೂ ನನಗೆ ಬಾಯಿ ಬರಲಿಲ್ಲ. ಕೋಡುಬಳೆ ತಿಂದು ಬಂದೆ.

ಮೂರನೇ ವರ್ಷ ಅಮಾವಾಸ್ಯೆಯ ದಿನವೇ ಜೆ.ಪಿ. ನಗರದವರಿಗೆ ಎಂಟನೇ ಮಿಷನ್ ಬಂತು. ಅವರಿಗೆ ಪಿತೃಪಕ್ಷ, ಅಮಾವಾಸ್ಯೆ ಯಾವುದೂ ಇಲ್ಲ. ಬೆಳಿಗ್ಗೆಯೇ ಮುಗಿಯುತ್ತದೆ ಅಂದುಕೊಂಡು ಹೋದೆವು. ಲಾರಿ ತಡವಾಯಿತು, ಲಿಫ್ಟ್ ಕೆಟ್ಟಿತು, ಮೆಟ್ಟಿಲಲ್ಲಿ ಹೊತ್ತೆವು. ಸಾರ್ ಎರಡು ಸಲ ಫೋನ್ ಮಾಡಿದ್ದರು, ಹೆಗಲ ಮೇಲೆ ಭಾರ ಇದ್ದದ್ದರಿಂದ ತೆಗೆಯಲಾಗಲಿಲ್ಲ. ಆಮೇಲೆ ಮಾಡಿದರಾಯಿತು ಅಂದುಕೊಂಡು ಮರೆತೆ. ಜಯನಗರ ತಲುಪಿದಾಗ ಸಂಜೆ ದೀಪ ಹಚ್ಚುವ ಹೊತ್ತು.

ಬಾಗಿಲು ತೆರೆದೇ ಇತ್ತು. ಮಿಷನ್ ಅರ್ಧ ಹಾಲಿನಲ್ಲಿ, ಅರ್ಧ ರೂಮಿನಲ್ಲಿ ಓರೆಯಾಗಿ ನಿಂತಿತ್ತು. ಅದರ ಮುಂದಿನ ಒಂದು ಕಾಲು ಹೊಸ್ತಿಲ ಮೇಲೆಯೇ ಊರಿತ್ತು. ನಾವು ಬರುವುದಿಲ್ಲವೇನೋ ಎಂದು ಗಂಡ ಹೆಂಡತಿ ಇಬ್ಬರೇ, ಸೇತುವೆಯೂ ಇಲ್ಲದೆ, ಕಂಬಳಿ ಹಾಕಿ ಎಳೆದಿದ್ದರು. ಹೊಸ್ತಿಲ ಹತ್ತಿರ ಕಂಬಳಿ ಜಾರಿ, ಮಿಷನ್ನಿನ ಕಾಲು ಸಾರ್ ಪಾದದ ಮೇಲೆ ಕೂತಿತ್ತು. ಪಕ್ಕದ ಮನೆಯವರು ಬಂದು ಬಿಡಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಿದ್ದರು. ಎರಡು ಬೆರಳು ಮುರಿದಿತ್ತು. ಸಾರ್ ಕಾಲಿಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ನಕ್ಕು, “ಬಾರಪ್ಪ ಮುನಿರಾಜು, ಈ ಸಲ ಗೋಲಿ ಮಾತ್ರ ಮರೀದೆ ತೆಗೆದಿದ್ದೆ” ಅಂದರು. ಅಳು ಬಂತು. ತಡೆದುಕೊಂಡೆ.

ನಾವು ಮಿಷನ್ನನ್ನು ರೂಮಿಗೆ ಸೇರಿಸುವಾಗ ಅವರಿಬ್ಬರ ಮಾತು ಕಿವಿಗೆ ಬೀಳುತ್ತಿತ್ತು. ಸಾರ್ ಹೇಳುತ್ತಿದ್ದರು, ಇದನ್ನು ಯಾರಿಗಾದರೂ ಕೊಟ್ಟುಬಿಡೋಣ, ಆಡಿದ್ದು ಸಾಕು ಎಂದು. ಸರೋಜಮ್ಮ ಬೇಡ ಎನ್ನುತ್ತಿದ್ದರು. ಈ ವರ್ಷದಿಂದ ಗೊಂಬೆ ಕೂರಿಸುವುದನ್ನೇ ಬಿಟ್ಟುಬಿಡುತ್ತೇನೆ, ಪಟ್ಟದ ಗೊಂಬೆ ಎರಡನ್ನು ದೇವರ ಮನೆಯಲ್ಲಿ ಇಟ್ಟರೆ ಸಾಕು, ಮಿಷನ್ ಇನ್ನು ಹಾಲಿನಲ್ಲೇ ಇರಲಿ ಎಂದು. ಸಾರ್ ತಮ್ಮ ಮಿಷನ್ ಬಿಡಲು ಸಿದ್ಧ, ಸರೋಜಮ್ಮ ತಮ್ಮ ಗೊಂಬೆ ಬಿಡಲು ಸಿದ್ಧ. ಇಬ್ಬರೂ ಜಗಳವಾಡುತ್ತಿದ್ದದ್ದು ಇನ್ನೊಬ್ಬರದ್ದು ಉಳಿಸಲಿಕ್ಕೆ. ಎರಡೂ ಉಳಿಯುವ ದಾರಿ ಮೂರು ವರ್ಷದಿಂದ ನನ್ನ ಹೊಟ್ಟೆಯೊಳಗೆ ಇತ್ತು. ಆ ವರ್ಷ ಹಾಲಿನ ಗೋಡೆ ಹತ್ತು ದಿನವೂ ಖಾಲಿಯಿತ್ತು ಎಂದು ವಿಜಯದಶಮಿ ಕಳೆದು ಮಿಷನ್ನನ್ನು ಹಾಲಿಗೆ ತರಲು ಹೋದಾಗ ತಿಳಿಯಿತು.

ನನ್ನ ಸೊಂಟವೂ ಆ ಹೊತ್ತಿಗೆ ಸಾಕು ಅನ್ನುತ್ತಿತ್ತು. ಇನ್ನೊಂದೇ ಕೆಲಸ ಮಾಡಿ ನಿಲ್ಲಿಸುತ್ತೇನೆ ಎಂದು ಗೌರಮ್ಮನಿಗೆ ಹೇಳಿದೆ. ಗ್ಯಾರೇಜಿನಲ್ಲಿ ಬೈಕ್ ಎತ್ತಲು ಬಳಸುವ ಹಳೆಯ ಪೆಡಲ್ ಸ್ಟ್ಯಾಂಡ್ ಒಂದು ಗುಜರಿಯಲ್ಲಿ ಸಿಕ್ಕಿತು. ಇಟ್ಟಮಡುವಿನ ವೆಲ್ಡಿಂಗ್ ಅಂಗಡಿಯಲ್ಲಿ ನಾನೂ ಬಸವರಾಜನೂ ಕೂತು ಅದನ್ನು ಮಿಷನ್ನಿನ ಕಾಲುಗಳ ನಡುವೆ ತೂರುವಷ್ಟು ಅಗಲಕ್ಕೆ ಕತ್ತರಿಸಿದೆವು. ಚಕ್ರಕ್ಕೆ ಆಸ್ಪತ್ರೆ ಮಂಚದ ಮೆತ್ತನೆ ಬಿಳಿ ರಬ್ಬರ್ ಹುಡುಕಿದೆ. ಕರಿ ರಬ್ಬರ್ ಕೆಂಪು ನೆಲದ ಮೇಲೆ ಗುರುತು ಬಿಡುತ್ತದೆ, ಕಬ್ಬಿಣದ ಮಾತೇ ಬೇಡ. ಮೇಲಿನ ಹಲಗೆಗೆ ತೆಂಗಿನ ನಾರಿನ ಹಾಸಿಗೆ ತುಂಡು, ಅದರ ಮೇಲೆ ರೆಕ್ಸಿನ್. ನನ್ನ ಹಳೆಯ ಸೇತುವೆಯನ್ನು ಗಾಡಿಯ ಅಗಲಕ್ಕೆ ಸರಿಯಾಗಿ ಹೊಸದಾಗಿ ಮಾಡಿ, ಅಂಚಿಗೆ ಪಟ್ಟಿ ಹೊಡೆದೆ, ಚಕ್ರ ಜಾರದ ಹಾಗೆ. ಬಸವರಾಜ ಗಾಡಿಯ ಮೇಲೆ ತಾನೇ ಮಲಗಿ ನನ್ನಿಂದ ತಳ್ಳಿಸಿಕೊಂಡು ಪರೀಕ್ಷೆ ಮಾಡಿದ. ಅವನ ತೂಕ ಮಿಷನ್ನಿಗಿಂತ ಸ್ವಲ್ಪ ಕಮ್ಮಿ.

ಸಾರ್ ಕಾಲು ವಾಸಿಯಾದ ಮೇಲೆ ಗಾಡಿ ತೆಗೆದುಕೊಂಡು ಹೋದೆ. ಹೇಳಿಕೊಟ್ಟದ್ದು ಇಷ್ಟೇ, ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತೇನೆ. ಮೊದಲು ಗೋಲಿ ತೆಗೆಯಿರಿ. ಗಾಡಿಯನ್ನು ನಡುವಿಗಿಂತ ಸ್ವಲ್ಪ ಹಿಂದಕ್ಕೆ ತೂರಿಸಿ, ಏಕೆಂದರೆ ಭಾರ ತಲೆಯ ಕಡೆ ಇರುತ್ತದೆ. ಕಾಲು ನೆಲದಿಂದ ಎರಡು ಬೆರಳು ಏಳಲಿ, ಸಾಕು. ಹೊಸ್ತಿಲ ಹತ್ತಿರ ಮಾತ್ರ ಅದನ್ನು ದಾಟುವಷ್ಟು. ಹೆಚ್ಚು ಎತ್ತಿದಷ್ಟೂ ಅದು ಓಲಾಡುತ್ತದೆ. ಎಳೆಯಬೇಡಿ, ಹಿಂದೆ ನಿಂತು ತಳ್ಳಿ, ಆಗ ಪಾದ ಚಕ್ರದ ದಾರಿಯಲ್ಲಿ ಇರುವುದಿಲ್ಲ.

ಸಾರ್ ಮುಂದೆ ಬಂದರೆ ಸರೋಜಮ್ಮ ಅವರನ್ನು ಕುರ್ಚಿಯಲ್ಲಿ ಕೂರಿಸಿ ತಾವೇ ಸೆರಗು ಸಿಕ್ಕಿಸಿಕೊಂಡು ಪೆಡಲ್ ಒತ್ತಿದರು. ಮಿಷನ್ ಎದ್ದಿತು. ರೂಮಿನವರೆಗೆ ತಳ್ಳಿ, ಸೇತುವೆ ದಾಟಿಸಿ, ವಾಪಸ್ಸು ತಂದರು. ಉಸಿರು ಕೂಡ ಏರಲಿಲ್ಲ. ಅವರು ಸಂತೋಷಪಡುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಈ ಗಾಡಿ ವಿಷ್ಯ ನಂಗೆ ಮೂರು ವರ್ಷದಿಂದ ಗೊತ್ತಿತ್ತಮ್ಮ” ಅಂದೆ.

ಅವರ ಕೈ ಮಿಷನ್ನಿನ ಮೇಲೇ ಇತ್ತು. “ಗೊತ್ತಿದ್ದೂ ಹೇಳ್ಲಿಲ್ವಾ?”

“ಹೇಳಿದ್ರೆ ನೀವು ನನ್ನ ಕರೀತಿರ್ಲಿಲ್ಲ.”

ಸರೋಜಮ್ಮ ನನ್ನನ್ನು ನೋಡಿದರು, ಆಮೇಲೆ ಗಂಡನ ಪಾದವನ್ನು ನೋಡಿದರು. ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಕೋಡುಬಳೆ ಇರಲಿಲ್ಲ. ಲೋಟ ತೊಳೆದಿಟ್ಟು ಬಂದೆ. ಮನೆಗೆ ಬಂದು ಗೌರಮ್ಮನಿಗೆ ಎಲ್ಲ ಹೇಳಿದೆ. ಹೇಳಿದ್ದು ಒಳ್ಳೆಯದಾಯಿತು, ಇನ್ನು ಆ ಮನೆ ಆಸೆ ಬಿಡು ಎಂದಳು. ಬಿಟ್ಟೆ ಎಂದೇ ಅಂದುಕೊಂಡೆ.

ಹೋದ ವರ್ಷ ಪಿತೃಪಕ್ಷ ಬಂತು. ನಿವೃತ್ತನಾದವನಿಗೆ ಪಿತೃಪಕ್ಷವಾದರೇನು, ಆಷಾಢವಾದರೇನು. ಅಮಾವಾಸ್ಯೆಯ ದಿನ ಎಡೆ ಇಟ್ಟು ಊಟ ಮಾಡಿದೆ. ಮಧ್ಯಾಹ್ನ ಅಭ್ಯಾಸಬಲದಿಂದ ಇನ್ನೊಂದು ಸಲ ಸ್ನಾನ ಮಾಡಿ ಬಂದು ಕೂತೆ. ಗೌರಮ್ಮ ನೋಡಿಯೂ ನೋಡದ ಹಾಗೆ ಓಡಾಡಿದಳು. ಫೋನ್ ಬರಲಿಲ್ಲ. ಗಾಡಿ ಕೆಲಸ ಮಾಡಿರಬೇಕು ಎಂದು ಸಮಾಧಾನವಾಯಿತು. ಸಮಾಧಾನದ ಜೊತೆಗೆ ಇನ್ನೇನೋ ಆಯಿತು, ಅದನ್ನು ಇಲ್ಲ ಅಂದರೆ ಸುಳ್ಳಾಗುತ್ತದೆ.

ನಾಲ್ಕನೇ ದಿನ ಫೋನ್ ಬಂತು. ಸರೋಜಮ್ಮ. ನಾನು ಮೊದಲು ಕೇಳಿದ್ದು ಗಾಡಿ ಏನಾದರೂ ಕೆಟ್ಟಿತೇ ಎಂದು.

“ಗಾಡಿ ಚೆನ್ನಾಗಿದೆ. ಗೊಂಬೆ ಕೂರ್ಸಿದೀನಿ. ಇಷ್ಟು ವರ್ಷ ಗೊಂಬೆ ಬರೋ ಮುಂಚೆ ಬಂದ್ರಿ, ಹೋದ್ಮೇಲೆ ಬಂದ್ರಿ. ಒಂದು ವರ್ಷಾನೂ ನೋಡಿಲ್ವಲ್ಲ ನೀವು. ಸಂಜೆ ಮನೆಯವ್ರನ್ನ ಕರ್ಕೊಂಡು ಬನ್ನಿ.”

ಹೌದು, ನೋಡಿರಲಿಲ್ಲ. ಅದು ನನಗೆ ಯಾವತ್ತೂ ಹೊಳೆದೇ ಇರಲಿಲ್ಲ.

ಸಂಜೆ ಗೌರಮ್ಮನ ಜೊತೆ ಹೋದೆ. ಹಾಲಿನ ಗೋಡೆಗೆ ಒಂಬತ್ತು ಮೆಟ್ಟಿಲು, ಬಿಳಿ ಬಟ್ಟೆ ಹಾಸಿ, ದೀಪ ಹಚ್ಚಿ. ಮೇಲೆ ಮರದ ಪಟ್ಟದ ಗೊಂಬೆ, ರಾಜ ರಾಣಿ. ಕೆಳಗೆ ಮದುವೆ ದಿಬ್ಬಣ, ಅಂಗಡಿ ಸಾಲು, ಕೀಲಿ ಕೊಟ್ಟರೆ ತಲೆ ಆಡಿಸುವ ಶೆಟ್ಟಿ. ರೂಮಿನೊಳಗೆ ಸಾರ್ ಪಕ್ಕದ ಮನೆಯ ಮಕ್ಕಳಿಗೆ ಗೋಲಿ ಆಡಿಸುತ್ತಿದ್ದ ಸದ್ದು ಬರುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ಎಂದಿನಂತೆ ನೆಲದ ಆ ಜಾಗದ ಕಡೆ ಕಣ್ಣು ಹೋಗದಂತೆ ನೋಡಿಕೊಂಡೆ. ಆದರೂ ಹೋಯಿತು. ಚಾಪೆ ಇರಲಿಲ್ಲ. ಮೊದಲನೇ ಮೆಟ್ಟಿಲ ಅಂಚಿಗೆ ತಾಗಿಕೊಂಡು ನನ್ನ ಆ ಬಿಳಿ ಗೆರೆ.

ಸರೋಜಮ್ಮ ನನ್ನ ಕಣ್ಣು ಎಲ್ಲಿದೆ ಎಂದು ನೋಡಿದರು. “ಅದೇ ನನ್ನ ಅಳತೆ. ಆ ಗೆರೆಗೆ ಸರಿಯಾಗಿ ಮೊದಲನೇ ಮೆಟ್ಲು ಇಟ್ರೆ ಮಿಕ್ಕಿದ್ದೆಲ್ಲ ತಾನಾಗೇ ಕೂರತ್ತೆ. ಅವತ್ತಿಂದ ನಾನು ಟೇಪ್ ಹಿಡಿದೇ ಇಲ್ಲ” ಎಂದು ಗೌರಮ್ಮನಿಗೆ ಹೇಳಿ, ಅವಳ ಕೈಗೆ ಅರಿಸಿನ ಕುಂಕುಮ ಕೊಟ್ಟರು.

ನಾನು ಇನ್ನೂ ಬಾಗಿಲಲ್ಲೇ ಇದ್ದೆ. ಗೊತ್ತಿಲ್ಲದೆಯೇ ಹಿಮ್ಮಡಿ ನೆಲ ಕುಟ್ಟುತ್ತಿತ್ತು. ಸರೋಜಮ್ಮನಿಗೆ ಅದು ಕೇಳಿಸಿತು.

“ನೆಲ ಗಟ್ಟಿಯಾಗಿದೆ ಮುನಿರಾಜು. ಇವತ್ತು ಎತ್ತೋದು ಏನೂ ಇಲ್ಲ. ಬಂದು ಕೂತ್ಕೊಳ್ಳಿ.”

ಅಷ್ಟು ವರ್ಷ ಬರಿಗಾಲಲ್ಲಿ ನಡೆದು, ಬಗ್ಗಿ, ಒರೆಸಿ, ಕಾಪಾಡಿದ ಆ ಕೆಂಪು ನೆಲದ ಮೇಲೆ ಅವತ್ತು ಮೊದಲ ಸಲ ಕೂತೆ. ತಣ್ಣಗಿತ್ತು. ಸರೋಜಮ್ಮ ಕೋಡುಬಳೆಯ ತಟ್ಟೆ ತಂದು ಮುಂದಿಟ್ಟರು.